‘ಮಸ್ತ್ ಐತೆ’ ಅಂದ ಮೇಲೆ: ಅಭಿಪ್ರಾಯ ಹೇಳುವುದನ್ನು ಕಲಿಸಿದ ಮೂರು ಅವಧಿಗಳು

ಹಿನ್ನೆಲೆ

ಪ್ರೌಢಶಾಲೆಯ ಕನ್ನಡ ಪ್ರಬಂಧಗಳಲ್ಲಿ ‘ದೂರದರ್ಶನದ ಸಾಧಕ ಬಾಧಕಗಳು’ ಬಹಳ ಹಳೆಯ ವಿಷಯ. ಈಚೆಗೆ ಅದರ ಪಕ್ಕದಲ್ಲಿ ಮೊಬೈಲ್ ಬಂದು ಕೂತಿದೆ. ಅಭ್ಯಾಸ ಬೋಧನೆಯ ವೀಕ್ಷಣೆಗೆ ಹೋದಾಗಲೆಲ್ಲ ಹಿಂದಿನ ಬೆಂಚಿನಲ್ಲಿ ಕುಳಿತು ಮಕ್ಕಳ ಪ್ರಬಂಧ ಪುಸ್ತಕಗಳನ್ನು ತಿರುವಿ ನೋಡುವುದು ನನ್ನ ರೂಢಿ. ಈ ವಿಷಯದ ಪ್ರಬಂಧಗಳು ಊರು ಬದಲಾದರೂ ಬದಲಾಗುವುದಿಲ್ಲ. ಪೀಠಿಕೆ, ನಾಲ್ಕು ಲಾಭ, ನಾಲ್ಕು ನಷ್ಟ, ಕೊನೆಗೆ ‘ಅತಿಯಾದರೆ ಅಮೃತವೂ ವಿಷ’ ಎಂಬ ಉಪಸಂಹಾರ. ಬರೆದ ಮಗು ನಿನ್ನೆ ರಾತ್ರಿ ಯಾವ ಧಾರಾವಾಹಿ ನೋಡಿತು, ಯಾವ ಪಾತ್ರದ ಮೇಲೆ ಅದಕ್ಕೆ ಸಿಟ್ಟು ಬಂತು ಎಂಬುದರ ಸುಳಿವೂ ಅಲ್ಲಿ ಸಿಗದು.

ಗಂಟೆ ಹೊಡೆದು ಬಿಸಿಯೂಟದ ಸಾಲು ನಿಂತಾಗ ಅದೇ ಮಗುವಿನ ಬಾಯಿಂದ ಬೇರೆಯೇ ಕನ್ನಡ ಹೊರಡುತ್ತದೆ. ಯಾವ ಸಿನಿಮಾ ಮಸ್ತ್, ಯಾವುದು ಡಬ್ಬಾ, ಯಾವ ಆಟದಲ್ಲಿ ಯಾರು ಮೋಸ ಮಾಡಿದರು, ಇವತ್ತಿನ ಸಾಂಬಾರಿಗೆ ಉಪ್ಪು ಎಷ್ಟು ಬಿದ್ದಿದೆ, ಎಲ್ಲದರ ಮೇಲೂ ತೀರ್ಪು ಸಿದ್ಧವಿರುತ್ತದೆ. ತೀರ್ಪಿನ ಮೇಲೆ ಜಗಳವೂ ನಡೆಯುತ್ತದೆ. ಅಭಿಪ್ರಾಯವಿರುವ ಮಗು ತರಗತಿಯ ಹೊರಗಿದೆ, ಅಭಿಪ್ರಾಯ ಬರೆಯುವ ಮಗು ಒಳಗಿದೆ. ಇವರಿಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸುವುದು ಭಾಷಾ ಬೋಧಕರ ಕೆಲಸ. ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕೆಂಬುದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಮಾರ್ಗದರ್ಶಿ ಸೂತ್ರಗಳಲ್ಲಿ ಮೊದಲನೆಯದು.

ಈ ದೃಷ್ಟಿಯಿಂದ ದಾವಣಗೆರೆ ಭಾಗದ ಒಂದು ಸರ್ಕಾರಿ ಪ್ರೌಢಶಾಲೆಯ ಎಂಟನೆಯ ತರಗತಿಗೆ 40 ನಿಮಿಷಗಳ ಮೂರು ಅವಧಿಗಳ ಪಾಠವೊಂದನ್ನು ಯೋಜಿಸಿದೆವು. ಮೊದಲ ಅವಧಿಯನ್ನು ಮಾದರಿ ಪಾಠವಾಗಿ ನಾನು ತೆಗೆದುಕೊಂಡೆ. ಉಳಿದೆರಡನ್ನು ಇಬ್ಬರು ಪ್ರಶಿಕ್ಷಣಾರ್ಥಿಗಳು ನಡೆಸಿದರು. ಆ ಪಾಠದ ವಿವರವನ್ನೂ ಅದರ ಹಿಂದಿನ ವಿಚಾರವನ್ನೂ ಇಲ್ಲಿ ಕೊಟ್ಟಿದ್ದೇನೆ.

ಉದ್ದೇಶಗಳು

ಈ ಪಾಠದ ಕೊನೆಯಲ್ಲಿ ವಿದ್ಯಾರ್ಥಿಗಳು,
1. ಸಂಗತಿ, ಇಷ್ಟ, ಅಭಿಪ್ರಾಯ, ಕೇಳಿದ ಮಾತು ಇವನ್ನು ಬೇರ್ಪಡಿಸಿ ಗುರುತಿಸುವರು.
2. ತಮ್ಮ ಅಭಿಪ್ರಾಯಕ್ಕೆ ತಾವು ಕಂಡ ಅಥವಾ ಅನುಭವಿಸಿದ ಒಂದು ವಿವರವನ್ನು ಕಾರಣವಾಗಿ ಕೊಡುವರು.
3. ಒಪ್ಪದ ಮಾತನ್ನು ಎದುರಿನವರ ಮನಸ್ಸಿಗೆ ನೋವಾಗದಂತೆ ಹೇಳುವರು.

ವಿಷಯ ವಿಶ್ಲೇಷಣೆ

ಪಾಠಟಿಪ್ಪಣಿ ಬರೆಯುವ ಮೊದಲು ಪ್ರಶಿಕ್ಷಣಾರ್ಥಿಗಳೊಂದಿಗೆ ನಾಲ್ಕು ವಾಕ್ಯಗಳನ್ನು ಚರ್ಚಿಸಿದೆ. ನಮ್ಮ ಭಾಗದಲ್ಲಿ ಮುದ್ದೆಯೂ ಉಂಟು, ರೊಟ್ಟಿಯೂ ಉಂಟು. ಆದ್ದರಿಂದ ಉದಾಹರಣೆ ಹುಡುಕಲು ದೂರ ಹೋಗಬೇಕಾಗಲಿಲ್ಲ.

ಅ) 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ.
ಆ) ನನಗೆ ಮುದ್ದೆ ಇಷ್ಟ.
ಇ) ಹೊಲದ ಕೆಲಸ ಮಾಡುವವರಿಗೆ ರೊಟ್ಟಿಗಿಂತ ಮುದ್ದೆ ಒಳ್ಳೆಯದು.
ಈ) ಮುದ್ದೆ ಉಂಡರೆ ಬೇಗ ಹಸಿವಾಗುವುದಿಲ್ಲವಂತೆ.

ಮೊದಲನೆಯದು ಸಂಗತಿ. ಅಳೆದು ನೋಡಬಹುದು, ಸರಿಯೋ ತಪ್ಪೋ ತಿಳಿಯುತ್ತದೆ. ಎರಡನೆಯದು ಇಷ್ಟ. ಅದನ್ನು ಯಾರೂ ತಪ್ಪು ಎನ್ನಲಾರರು, ಅದಕ್ಕೆ ಕಾರಣ ಕೊಡಬೇಕೆಂಬ ಕಡ್ಡಾಯವೂ ಇಲ್ಲ. ಮೂರನೆಯದು ಅಭಿಪ್ರಾಯ. ಹೇಳಿದವರು ಕಾರಣ ಕೊಡಬೇಕು, ಕೇಳಿದವರು ಒಪ್ಪಬಹುದು ಅಥವಾ ಬಿಡಬಹುದು. ನಾಲ್ಕನೆಯದರಲ್ಲಿ ಮಾತು ಬೇರೆಯವರದು, ಬಾಯಿ ಮಾತ್ರ ನಮ್ಮದು.

ಈ ವ್ಯತ್ಯಾಸಗಳನ್ನು ತೋರಿಸಲು ಬೇಕಾದ ಸಲಕರಣೆ ಕನ್ನಡ ವ್ಯಾಕರಣದಲ್ಲೇ ಇದೆ. ‘ಇಷ್ಟ’ ಎಂಬ ಪದ ಚತುರ್ಥಿ ವಿಭಕ್ತಿಯನ್ನು ಕೇಳುತ್ತದೆ. ನನಗೆ ಇಷ್ಟ, ಅವಳಿಗೆ ಇಷ್ಟ. ಯಾರ ಇಷ್ಟ ಎಂಬುದನ್ನು ವಾಕ್ಯವೇ ಹೇಳಿಬಿಡುತ್ತದೆ. ‘ಸಿನಿಮಾ ಚೆನ್ನಾಗಿದೆ’ ಎಂಬಲ್ಲಿ ಹೇಳಿದವರು ಮರೆಯಾಗುತ್ತಾರೆ, ಸಿನಿಮಾ ಮಾತ್ರ ಉಳಿಯುತ್ತದೆ. ‘ಅಂತೆ’ ಎಂಬ ಪುಟ್ಟ ಪ್ರತ್ಯಯ ‘ನಾನು ಕಣ್ಣಾರೆ ಕಂಡಿಲ್ಲ’ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುತ್ತದೆ. ‘ಇರಬೇಕು’ ಎಂದರೆ ಊಹೆ. ಅಭಿಪ್ರಾಯಕ್ಕೆ ನಾವು ಬಳಸುವ ಇತರ ಪದಗಳೂ ಅರ್ಥವತ್ತಾಗಿವೆ. ಅನಿಸಿದ್ದು ಅನಿಸಿಕೆ, ನಿಂತದ್ದು ನಿಲುವು. ಅನಿಸಿಕೆಯಿಂದ ನಿಲುವಿಗೆ ಹೋಗಬೇಕಾದರೆ ನಡುವೆ ‘ಏಕೆಂದರೆ’ ಎಂಬ ಮೆಟ್ಟಿಲು ಬೇಕು. ವಿಭಕ್ತಿಗಳನ್ನು ಕೋಷ್ಟಕವಾಗಿ ಬಾಯಿಪಾಠ ಮಾಡಿದ ಮಕ್ಕಳಿಗೆ ಅವುಗಳಿಂದ ಏನು ಪ್ರಯೋಜನವೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗಲಾರದು.

ಮೊದಲ ಅವಧಿ: ಸಿನಿಮಾ

ಪಾಠವನ್ನು ಎರಡು ನಿಯಮಗಳಿಂದ ಆರಂಭಿಸಿದೆ. ಸಿನಿಮಾ ನೋಡಿದವರು ಹೇಳುವವರು, ನೋಡದವರು ಕೇಳುವವರು. ಎಲ್ಲರ ಮನೆಯಲ್ಲೂ ಟಿವಿ, ಸ್ಮಾರ್ಟ್‌ಫೋನು ಇರುವುದಿಲ್ಲ. ಟಾಕೀಸಿಗೆ ಹೋಗುವ ದುಡ್ಡೂ ಇರುವುದಿಲ್ಲ. ಇಂಥ ಪಾಠದಲ್ಲಿ ನೋಡಿದವರಷ್ಟೇ ಮಾತಾಡಿದರೆ ಉಳಿದವರು 40 ನಿಮಿಷ ಸುಮ್ಮನೆ ಕೂರುತ್ತಾರೆ. ‘ಕೇಳುವವರು’ ಎಂಬ ಜವಾಬ್ದಾರಿ ಕೊಟ್ಟರೆ ಅವರಿಗೂ ಕೆಲಸ ಸಿಗುತ್ತದೆ.

ಒಬ್ಬ ಹುಡುಗ ಎದ್ದು, “‘ಕಾಂತಾರ’ ಮಸ್ತ್ ಐತೆ ಮೇಡಂ” ಎಂದ. 2022ರಲ್ಲಿ ತೆರೆಕಂಡ ಈ ಚಿತ್ರವನ್ನು ಅರ್ಧದಷ್ಟು ಮಕ್ಕಳು ನೋಡಿದ್ದರು. ಇಂಥಲ್ಲಿ ಬೋಧಕರ ಬಾಯಿಗೆ ತಟ್ಟನೆ ಬರುವ ಪ್ರಶ್ನೆ ‘ಯಾಕೆ?’ ಎಂಬುದು. ಎಂಟನೆಯ ತರಗತಿಯ ಮಗುವಿಗೆ ಅದು ವಿಚಾರಣೆಯಂತೆ ಕೇಳಿಸುತ್ತದೆ. ‘ಸುಮ್ನೆ’ ಎಂಬ ಉತ್ತರ ಬರುತ್ತದೆ. ಹಾಗಾಗಿ, “ಯಾವ ಜಾಗದಲ್ಲಿ ಹಾಗನಿಸಿತು?” ಎಂದು ಕೇಳಿದೆ.

“ಕೊನೇಲಿ ದೈವ ಮೈಮೇಲೆ ಬಂದಾಗ.”

“ಅಲ್ಲಿ ಏನು ಕಂಡೆ, ಏನು ಕೇಳಿದೆ?”

“ಆ ಕೂಗು ಮೇಡಂ. ಟಾಕೀಸಲ್ಲಿ ಮೈ ಜುಂ ಅಂತು. ಆಮೇಲೆ ಮನೇಲಿ ಟಿವಿಯಲ್ಲಿ ನೋಡಿದೆ, ಹಂಗಾಗ್ಲಿಲ್ಲ.”

ಎರಡೇ ಪ್ರಶ್ನೆಗಳಲ್ಲಿ ಆ ಹುಡುಗ ಒಂದು ಒಳ್ಳೆಯ ವಿಮರ್ಶೆಯ ಹೊಸ್ತಿಲಿಗೆ ಬಂದಿದ್ದ. ಸಿನಿಮಾದ ಪರಿಣಾಮದಲ್ಲಿ ಧ್ವನಿಯ ಪಾಲು ಎಷ್ಟು, ಟಾಕೀಸಿನ ಕತ್ತಲೆಯ ಪಾಲು ಎಷ್ಟು ಎಂಬ ಪ್ರಶ್ನೆಯನ್ನು ಅವನೇ ಎತ್ತಿದ್ದ. ಅವನ ಮಾತನ್ನು ಹಾಗೆಯೇ ಕಪ್ಪುಹಲಗೆಯ ಮೇಲೆ ಬರೆದು, ‘ಐತೆ’ಯನ್ನು ಶಿಷ್ಟ ಕನ್ನಡದಲ್ಲಿ ಹೇಗೆ ಬರೆಯುತ್ತೀರೆಂದು ತರಗತಿಯನ್ನು ಕೇಳಿದೆ. ಮಾತಿನ ಕನ್ನಡವನ್ನು ಮೊದಲೇ ತಿದ್ದಿದ್ದರೆ ಆ ಕೂಗಿನ ಮಾತು ಹೊರಗೆ ಬರುತ್ತಿರಲಿಲ್ಲ.

ಆಮೇಲೆ ಕೇಳುವವರ ಸರದಿ. ಒಬ್ಬ ಹುಡುಗಿ ಎದ್ದು, “ನಾನು ನೋಡಿಲ್ಲ, ಚೆನ್ನಾಗೈತಂತೆ” ಎಂದಳು. ಕೆಲವರು ನಕ್ಕರು. ಆ ‘ಅಂತೆ’ಯ ಕೆಳಗೆ ಗೆರೆ ಎಳೆದು, ಈ ಹೊತ್ತಿನ ಮಾತುಗಳಲ್ಲೆಲ್ಲ ಹೆಚ್ಚು ಎಚ್ಚರದ ಮಾತು ಇದು, ತಾನು ಕಾಣದ್ದನ್ನು ಕಂಡೆನೆಂದು ಇವಳು ಹೇಳಲಿಲ್ಲ ಎಂದೆ. ಅವಳಿಗೆ ಧೈರ್ಯ ಬಂತು. “ನನಗೆ ದೆವ್ವದ ಸಿನಿಮಾ ಅಂದ್ರೆ ಹೆದರಿಕೆ. ನಾನಿದನ್ನ ನೋಡ್ಬೋದಾ?” ಎಂದು ಕೇಳಿದಳು. ಉತ್ತರ ಕೊಡಲು ನಾಲ್ಕು ಜನ ಎದ್ದರು. ದೈವಕ್ಕೂ ದೆವ್ವಕ್ಕೂ ವ್ಯತ್ಯಾಸವಿದೆ ಎಂದು ಒಬ್ಬ ಹೇಳಿದ. ರಾತ್ರಿ ಕಾಡಿನ ದೃಶ್ಯಗಳಲ್ಲಿ ಮಾತ್ರ ಕಣ್ಣು ಮುಚ್ಚಿಕೊಂಡರೆ ಸಾಕೆಂದಳು ಇನ್ನೊಬ್ಬಳು. ಕೇಳುವವರಿಗೆ ಉಪಯೋಗವಾಗುವಂತೆ ಹೇಳಬೇಕೆಂದಾಗ ‘ಮಸ್ತ್’ ಎಂಬ ಒಂದು ಪದ ಸಾಲುವುದಿಲ್ಲವೆಂದು ಮಕ್ಕಳಿಗೆ ತಾವಾಗಿಯೇ ತಿಳಿಯಿತು.

ಎರಡನೆಯ ಅವಧಿ: ಟಿವಿ ಮತ್ತು ಮೊಬೈಲ್ ಆಟ

ಈ ಅವಧಿಯನ್ನು ನಡೆಸಿದ ಪ್ರಶಿಕ್ಷಣಾರ್ಥಿ ಧಾರಾವಾಹಿಯ ಒಂದು ಗುಣವನ್ನು ಚೆನ್ನಾಗಿ ಬಳಸಿಕೊಂಡರು. ಸಿನಿಮಾ ಮೂರು ಗಂಟೆಯಲ್ಲಿ ಮುಗಿಯುತ್ತದೆ, ಧಾರಾವಾಹಿ ವರ್ಷಗಟ್ಟಲೆ ಓಡುತ್ತದೆ. ನೋಡುವವರ ಅಭಿಪ್ರಾಯ ಆ ನಡುವೆ ಬದಲಾಗುತ್ತದೆ. ‘ಮೊದಲು ಹೀಗನಿಸಿತ್ತು, ಈಗ ಹೀಗನಿಸುತ್ತದೆ, ಏಕೆಂದರೆ…’ ಎಂಬ ವಾಕ್ಯದ ಚೌಕಟ್ಟನ್ನು ಹಲಗೆಯ ಮೇಲೆ ಬರೆದು ತುಂಬಲು ಹೇಳಿದರು. “ಮೊದಲು ಅತ್ತೆ ಕೆಟ್ಟೋಳು ಅನಿಸಿತ್ತು. ಈಗ ಸೊಸೇನೇ ಸುಳ್ಳು ಹೇಳ್ತಾಳೆ ಅನಿಸುತ್ತೆ, ಏಕೆಂದರೆ ಪತ್ರ ಬಚ್ಚಿಟ್ಟಿದ್ದು ಅವಳು” ಎಂದಳೊಬ್ಬಳು. ಅಜ್ಜಿ ಇದನ್ನು ಒಪ್ಪುವುದಿಲ್ಲವಂತೆ, ಮನೆಯಲ್ಲಿ ದಿನಾ ಇದೇ ವಾದವಂತೆ. ಕಾರಣ ಸಿಕ್ಕಾಗ ಅಭಿಪ್ರಾಯ ಬದಲಿಸುವುದು ಸೋಲಲ್ಲ ಎಂಬ ದೊಡ್ಡ ಪಾಠ ಧಾರಾವಾಹಿಯ ಮೂಲಕ ಸಲೀಸಾಗಿ ತಲುಪಿತು.

ಆಟಗಳ ವಿಷಯಕ್ಕೆ ಬಂದಾಗ ಒಬ್ಬ, “ಮೊಬೈಲ್ ಲೂಡೊದಲ್ಲಿ ಫೋನೇ ಮೋಸ ಮಾಡುತ್ತೆ, ನನಗೆ ಆರು ಬೀಳೋದೇ ಇಲ್ಲ” ಎಂದ. ಇದು ಇಷ್ಟವೂ ಅಲ್ಲ, ಬರೀ ಅಭಿಪ್ರಾಯವೂ ಅಲ್ಲ, ಪರೀಕ್ಷಿಸಬಹುದಾದ ಹೇಳಿಕೆ. ಹೇಗೆ ಪರೀಕ್ಷಿಸುವುದೆಂದು ಪ್ರಶಿಕ್ಷಣಾರ್ಥಿ ಕೇಳಿದರು. ಬಿದ್ದ ಸಂಖ್ಯೆಗಳನ್ನು ಬರೆದಿಡಬೇಕೆಂದು ಮಕ್ಕಳೇ ಸೂಚಿಸಿದರು. ಸರಿಯಾದ ದಾಳವನ್ನು 60 ಸಲ ಉರುಳಿಸಿದರೆ ಸುಮಾರು 10 ಸಲ ಆರು ಬೀಳಬೇಕು. 7 ಅಥವಾ 13 ಸಲ ಬಿದ್ದರೂ ಅದನ್ನು ಮೋಸವೆನ್ನಲಾಗದು. ಚೌಕಾಬಾರದ ಲೆಕ್ಕ ಬೇರೆ. ನಾಲ್ಕು ಕವಡೆಗಳೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ. ಎರಡು ಅಂಗಾತ ಎರಡು ಬೋರಲು ಬೀಳುವಷ್ಟು ಸಲ ಬಾರ ಬೀಳುವುದಿಲ್ಲ. ಇಲ್ಲಿ ಗಣಿತದ ಪ್ರಶಿಕ್ಷಣಾರ್ಥಿಗಳನ್ನೂ ಜೊತೆಗೂಡಿಸಿಕೊಳ್ಳಬಹುದು.

ಚರ್ಚೆಯಲ್ಲಿ ಬಂದ ಇನ್ನೊಂದು ಮಾತು, “ಪಬ್‌ಜಿ ಆಡಿ ಮಕ್ಕಳು ಹಾಳಾಗ್ತಾರೆ ಅಂತ ಸರ್ಕಾರ ಅದನ್ನ ನಿಲ್ಲಿಸಿತು” ಎಂಬುದು. ತರಗತಿ ಪೂರ್ತಿ ತಲೆಯಾಡಿಸಿತು. ಈ ವಾಕ್ಯವನ್ನು ಬಿಡಿಸಿ ನೋಡುವುದು ಅಗತ್ಯವಿತ್ತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿರ್ಬಂಧಿಸಿತು, ಪಬ್‌ಜಿ ಮೊಬೈಲ್ ಅವುಗಳಲ್ಲೊಂದು. ಇದು ಸಂಗತಿ. ಆಗ ಸರ್ಕಾರ ಕೊಟ್ಟ ಕಾರಣ ದೇಶದ ಸಾರ್ವಭೌಮತೆ, ಸಮಗ್ರತೆ, ರಕ್ಷಣೆ ಮತ್ತು ಸುರಕ್ಷತೆಗೆ ಸಂಬಂಧಿಸಿದ್ದು. ಮಕ್ಕಳು ಹಾಳಾಗುವುದು ಆ ಕಾರಣಗಳಲ್ಲಿ ಇರಲಿಲ್ಲ. ಆ ಆಟ ಮಕ್ಕಳಿಗೆ ಒಳ್ಳೆಯದೋ ಕೆಟ್ಟದ್ದೋ ಎಂಬುದು ಬೇರೆಯೇ ಚರ್ಚೆ, ಅದಕ್ಕೆ ಬೇರೆಯೇ ಕಾರಣಗಳು ಬೇಕು. ನಮಗೆ ಹಿಡಿಸಿದ ಕಾರಣವನ್ನು ನಡೆದ ಸಂಗತಿಗೆ ಅಂಟಿಸುವುದು ದೊಡ್ಡವರಲ್ಲೂ ಇರುವ ಅಭ್ಯಾಸ. ಅದನ್ನು ಹೆಸರಿಟ್ಟು ತೋರಿಸಲು ಮಕ್ಕಳಿಗೆ ಗೊತ್ತಿರುವ ಇಂಥ ಉದಾಹರಣೆಯೇ ಬೇಕು.

ಮೂರನೆಯ ಅವಧಿ: ಊಟ

ಊಟದ ವಿಷಯವನ್ನು ಬೇಕೆಂದೇ ಕೊನೆಗೆ ಇಟ್ಟಿದ್ದೆವು. ಸಿನಿಮಾವನ್ನು ಬೈದರೆ ಸಿನಿಮಾಕ್ಕೆ ನೋವಾಗುವುದಿಲ್ಲ. ಊಟವನ್ನು ಬೈದರೆ ಒಂದು ಮನೆಗೆ ನೋವಾಗುತ್ತದೆ. ನಮ್ಮಲ್ಲಿ ತಟ್ಟೆಯೊಳಗೆ ಜಾತಿ ಇದೆ, ಧರ್ಮ ಇದೆ, ಬಡತನವೂ ಇದೆ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು ಕೊಡಲು ಆರಂಭಿಸಿದಾಗ ರಾಜ್ಯದಲ್ಲೆಲ್ಲ ಎಷ್ಟು ವಾದ ನಡೆಯಿತೆಂಬುದು ಓದುಗರಿಗೆ ನೆನಪಿರಬಹುದು. ದೊಡ್ಡವರ ಆ ವಾದದ ಮರಿಯೊಂದು ಪ್ರತಿ ಶಾಲೆಯ ಊಟದ ಸಾಲಿನಲ್ಲೂ ಇದೆ. ಅದರ ಹೆಸರು ‘ಛೀ’.

ಅದು ಈ ಅವಧಿಯಲ್ಲೂ ಬಂತು. ಇಷ್ಟದ ಊಟದ ಬಗ್ಗೆ ಮೂರು ವಾಕ್ಯ ಹೇಳುವ ಚಟುವಟಿಕೆಯಲ್ಲಿ ಒಬ್ಬ ಹುಡುಗಿ ‘ಒಣಮೀನಿನ ಸಾರು’ ಎಂದಳು. ಹಿಂದಿನಿಂದ ಒಬ್ಬ “ಛೀ, ವಾಸನೆ” ಎಂದ. ನಾಲ್ಕಾರು ಜನ ಮೂಗು ಹಿಡಿದರು. ಹುಡುಗಿ ಕೂತುಬಿಟ್ಟಳು.

ಪ್ರಶಿಕ್ಷಣಾರ್ಥಿ ಗದರಿಸಲಿಲ್ಲ, ನೀತಿಬೋಧೆಗೂ ಇಳಿಯಲಿಲ್ಲ. ಹುಡುಗನನ್ನು ಎಬ್ಬಿಸಿ, “ನಿನ್ನ ಮಾತನ್ನು ‘ನನಗೆ’ ಎಂದು ಶುರುಮಾಡಿ ಹೇಳು” ಎಂದರು. ಅವನು ತಡವರಿಸಿದ. “ನನಗೆ… ಆ ವಾಸನೆ ಒಗ್ಗಲ್ಲ” ಎಂದ. ಹಲಗೆಯ ಮೇಲೆ ಎರಡೂ ವಾಕ್ಯಗಳು ಅಕ್ಕಪಕ್ಕ ಬಂದವು. ‘ಛೀ, ವಾಸನೆ’ ಎಂಬುದು ಇನ್ನೊಬ್ಬರ ತಟ್ಟೆಯ ಮೇಲಿನ ಮಾತು. ‘ನನಗೆ ಒಗ್ಗುವುದಿಲ್ಲ’ ಎಂಬುದು ತನ್ನ ನಾಲಿಗೆಯ ಮೇಲಿನ ಮಾತು. ಬೇಡದ ಊಟವನ್ನು ಬೇಡವೆನ್ನಲು ಕನ್ನಡದಲ್ಲಿ ಒಗ್ಗುವುದಿಲ್ಲ, ಸೇರುವುದಿಲ್ಲ, ರೂಢಿಯಿಲ್ಲ ಎಂಬ ಎಷ್ಟು ಮಾತುಗಳಿವೆ! ಒಂದರಲ್ಲೂ ಊಟಕ್ಕೆ ಅವಮಾನವಿಲ್ಲ.

ನಂತರ ಹುಡುಗಿಯನ್ನು, “ಅದನ್ನು ಹೇಗೆ ಮಾಡುತ್ತಾರೆ?” ಎಂದು ಕೇಳಿದರು. ಅವಳು ಕೂತಲ್ಲಿಂದಲೇ ಹೇಳಿದಳು: “ತಲೆ ತೆಗೆದು ಹೆಂಚಿನ ಮೇಲೆ ಹುರೀಬೇಕು. ಬಿಸಿನೀರಲ್ಲಿ ತೊಳೆದು ಬದನೆಕಾಯಿ ಜೊತೆ ಹುಣಸೆಹುಳಿ ಹಾಕಿ ಕುದಿಸ್ತಾರೆ. ಮಾರನೇ ದಿನ ಇನ್ನೂ ರುಚಿ.” ಮೂರೇ ಮಾತು. ತರಗತಿ ಸದ್ದಿಲ್ಲದೆ ಕೇಳಿತು. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ಪ್ರಶಿಕ್ಷಣಾರ್ಥಿ ಪಾಠಟಿಪ್ಪಣಿಯಲ್ಲಿ ಉಪಸಂಹಾರಕ್ಕೆಂದು ಬರೆದುಕೊಂಡಿದ್ದರು. ಅದನ್ನು ಅಲ್ಲೇ ಬಳಸಿದರು.

ಪಾಠದ ನಂತರದ ಚರ್ಚೆಯಲ್ಲಿ ಇನ್ನೊಬ್ಬ ಪ್ರಶಿಕ್ಷಣಾರ್ಥಿ, ಇಷ್ಟು ಸೂಕ್ಷ್ಮವಾದ ವಿಷಯವನ್ನು ಬಿಟ್ಟುಬಿಡುವುದೇ ಕ್ಷೇಮವಲ್ಲವೇ ಎಂದು ಕೇಳಿದರು. ತೂಕದ ಪ್ರಶ್ನೆ. ತರಗತಿಯಲ್ಲಿ ಬಿಟ್ಟರೆ ಅದು ಊಟದ ಸಾಲಿನಲ್ಲಿ ಉಳಿಯುತ್ತದೆ, ಅಲ್ಲಿ ‘ನನಗೆ ಎಂದು ಶುರುಮಾಡಿ ಹೇಳು’ ಎನ್ನಲು ಯಾರೂ ಇರುವುದಿಲ್ಲ ಎಂಬುದು ನನ್ನ ಉತ್ತರ. ಒಂದು ಅವಧಿಯ ಪಾಠದಿಂದ ‘ಛೀ’ಯ ಹಿಂದಿರುವ ತಲೆಮಾರುಗಳ ರೂಢಿ ಅಳಿಯುತ್ತದೆಂದು ನಾನು ಹೇಳುವುದಿಲ್ಲ. ಆ ಪದದ ಬದಲು ಬಳಸಬಹುದಾದ ವಾಕ್ಯವೊಂದು ಮಗುವಿನ ಬಾಯಿಯಲ್ಲಿದ್ದರೆ ಭಾಷಾ ಬೋಧಕರ ಪಾಲಿನ ಕೆಲಸ ಆಗಿದೆ ಎನ್ನಬಹುದು.

ಬರವಣಿಗೆ ಮತ್ತು ಮೌಲ್ಯಮಾಪನ

ಮೂರನೆಯ ಅವಧಿಯ ಕೊನೆಗೆ ಐದಾರು ಸಾಲಿನ ಬರವಣಿಗೆ ಕೊಟ್ಟೆವು. ವಿಷಯ ಅವರವರ ಆಯ್ಕೆ. ಹಾಸ್ಟೆಲಿನ ಹುಡುಗನೊಬ್ಬ ಬರೆದದ್ದನ್ನು ಇಲ್ಲಿ ಕೊಡುತ್ತೇನೆ: “ಉಪ್ಪಿಟ್ಟಿಗೆ ಎಲ್ಲರೂ ಕಾಂಕ್ರೀಟ್ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಏಕೆಂದರೆ ಬಿಸಿ ಇದ್ದಾಗ ಅದು ಮೆತ್ತಗೆ ಇರುತ್ತದೆ. ತಣ್ಣಗಾದ ಮೇಲೆ ಗಟ್ಟಿಯಾಗುತ್ತದೆ. ಆದ್ದರಿಂದ ಅದು ಉಪ್ಪಿಟ್ಟಿನ ತಪ್ಪಲ್ಲ, ತಡವಾಗಿ ಬರುವವರ ತಪ್ಪು.” ಎಲ್ಲರ ಅಭಿಪ್ರಾಯವನ್ನು ಹೇಳಿ, ತನ್ನದನ್ನು ಎದುರು ನಿಲ್ಲಿಸಿ, ಕಂಡ ವಿವರವನ್ನು ಕಾರಣವಾಗಿ ಕೊಟ್ಟು, ತೀರ್ಮಾನಕ್ಕೆ ಬಂದಿದ್ದಾನೆ. ಸಾಧಕ ಬಾಧಕಗಳ ಪ್ರಬಂಧದಲ್ಲಿ ನಾವು ಹುಡುಕಿಯೂ ಸಿಗದಿದ್ದ ಕ್ರಮ ಉಪ್ಪಿಟ್ಟಿನಲ್ಲಿ ಸಿಕ್ಕಿತು.

ಬರವಣಿಗೆಯನ್ನು ನಾಲ್ಕು ಅಂಶಗಳಿಂದ ನೋಡಿದೆವು:
1. ಇದು ಯಾರ ಮಾತೆಂದು ತಿಳಿಯುತ್ತದೆಯೇ? (ನನಗೆ, ಎಲ್ಲರೂ, ಅಂತೆ)
2. ಕಂಡ, ಕೇಳಿದ, ಉಂಡ ಒಂದು ವಿವರವಾದರೂ ಇದೆಯೇ?
3. ವಿವರಕ್ಕೂ ತೀರ್ಮಾನಕ್ಕೂ ಕೊಂಡಿ ಇದೆಯೇ? (ಏಕೆಂದರೆ, ಆದ್ದರಿಂದ, ಆದರೂ)
4. ಒಪ್ಪದವರ ಬಗ್ಗೆ ಮರ್ಯಾದೆ ಇದೆಯೇ?

ಅಭಿಪ್ರಾಯ ನಮಗೆ ಹಿಡಿಸಿತೇ ಎಂಬುದಕ್ಕೆ ಅಂಕವಿಲ್ಲ. ಮೊಬೈಲ್ ಆಟ ಒಳ್ಳೆಯದೆಂದು ಬರೆದ ಮಗುವಿಗೂ ಕೆಟ್ಟದ್ದೆಂದು ಬರೆದ ಮಗುವಿಗೂ ಅಳತೆ ಒಂದೇ. ಇಲ್ಲವಾದರೆ ಮಕ್ಕಳು ಮತ್ತೆ ಬೋಧಕರಿಗೆ ಬೇಕಾದ್ದನ್ನೇ ಬರೆಯತೊಡಗುತ್ತಾರೆ.

ಪ್ರಶಿಕ್ಷಣಾರ್ಥಿಗಳ ಗಮನಕ್ಕೆ

‘ಯಾಕೆ’ಗಿಂತ ಮೊದಲು ‘ಯಾವ ಜಾಗದಲ್ಲಿ’ ಎಂದು ಕೇಳಿ. ಆಡುಮಾತನ್ನು ತಿದ್ದುವ ಮೊದಲು ಪೂರ್ತಿ ಕೇಳಿಸಿಕೊಳ್ಳಿ. ನೋಡದವರಿಗೆ, ಇಲ್ಲದವರಿಗೆ ಪಾಠದಲ್ಲಿ ಕೆಲಸ ಇಡಿ. ಊಟದ ವಿಷಯವನ್ನು ‘ನನಗೆ’ ಎಂಬ ಪದ ಕಲಿಸಿದ ಮೇಲೆ ಎತ್ತಿಕೊಳ್ಳಿ.

ಕೊನೆಯದು, ನಿಮ್ಮ ಅಭಿಪ್ರಾಯವನ್ನು ಮಕ್ಕಳೆಲ್ಲ ಹೇಳಿ ಮುಗಿಸಿದ ಮೇಲೆ ಹೇಳಿ, ಅದನ್ನೂ ಅವರು ಪ್ರಶ್ನಿಸಲಿ. ಮೊದಲ ಅವಧಿಯ ಕೊನೆಗೆ ಮಕ್ಕಳು ನನ್ನ ಇಷ್ಟದ ಸಿನಿಮಾ ಯಾವುದೆಂದು ಕೇಳಿದರು. 1972ರ ‘ಬಂಗಾರದ ಮನುಷ್ಯ’ ಎಂದೆ. ಥಟ್ಟನೆ “ಯಾವ ಜಾಗದಲ್ಲಿ ಮೇಡಂ?” ಎಂಬ ಪ್ರಶ್ನೆ ಬಂತು. ಕೊನೆಯಲ್ಲಿ ರಾಜೀವ ಎಲ್ಲವನ್ನೂ ಬಿಟ್ಟು ಮನೆಯಿಂದ ಹೊರಟುಹೋಗುವ ಜಾಗದಲ್ಲಿ ಎಂದೆ. “ಅಷ್ಟು ಕಷ್ಟಪಟ್ಟು ಜಮೀನು ಮಾಡಿದೋನು ಯಾಕೆ ಬಿಟ್ಟುಹೋಗ್ಬೇಕು? ಅದು ಸರಿ ಅಲ್ಲ” ಎಂದಳು ಸಿನಿಮಾ ನೋಡಿರದ ಹುಡುಗಿಯೊಬ್ಬಳು. ನಾನು ಕಾರಣ ಕೊಟ್ಟೆ, ಅವಳು ಒಪ್ಪಲಿಲ್ಲ. ಗಂಟೆ ಹೊಡೆಯಿತು. ಬೋಧಕರ ಮಾತನ್ನು ಕಾರಣ ಕೇಳಿ ಒಪ್ಪದಿರುವ ಮಗುವೊಂದು ನಿಮ್ಮ ತರಗತಿಯಲ್ಲಿ ಕಾಣಿಸಿಕೊಂಡರೆ ವೀಕ್ಷಣಾ ಪುಸ್ತಕದಲ್ಲಿ ಅದನ್ನು ಪಾಠದ ಫಲವೆಂದು ದಾಖಲಿಸಿ.